ದ್ಯಾಮಣ್ಣನ ಹೆಂಡತಿಯ ಚೀಟಿಗಳು

ಕಮರಿಪೇಟೆ, ಹುಬ್ಬಳ್ಳಿ
೨೦ ಮಾರ್ಚ್ ೨೦೦೩

ನೆರೆದ ಮಹಾಸಭೆಯ ಹಿರಿಯರೇ, ವೇದಿಕೆಯ ಮೇಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಪಂಡಿತರೇ, ಬಾಗಿಲಲ್ಲಿ ಚಪ್ಪಲಿ ಕಾಯುತ್ತಿರುವ ಪುಣ್ಯವಂತರೇ, ಮತ್ತು ಇವರೆಲ್ಲರ ಪರವಾಗಿ ಸೊಲ್ಲಾಪುರದಾಗ ಒಬ್ಬರ ಕುಂತು ಈ ಲಕೋಟಿ ಒಡೆಯಾಕತ್ತಿರುವ ಶಾಂತಯ್ಯ ಭಾವನವರೇ,

ಶರಣು ಶರಣಾರ್ಥಿ. ಇಂದಿನ ಉಪನ್ಯಾಸದ ವಿಷಯ: ಕಂಪ್ಯೂಟರಿನಾಗ ಟಿಪ್ಪಣಿ ಇಡಾಕ ಯಾವ ತಂತ್ರಾಂಶ ಯೋಗ್ಯ. ಉಪನ್ಯಾಸಕರು: ಕನ್ನಡ ಮಾಧ್ಯಮದ ಬಿ.ಎ., ಇಪ್ಪತ್ತೆರಡು ವರ್ಷ ಪ್ರೆಸ್ಸಿನಾಗ ಮಂದಿಯ ತಪ್ಪು ತಿದ್ದಿ ತನ್ನದೊಂದೂ ತಿದ್ದಿಕೊಳ್ಳದ ನಿಮ್ಮ ತಂಗಿಯ ಗಂಡ ಶಂಭುಲಿಂಗ.

ಪ್ರೆಸ್ಸಿನ ಮಾಲಕರು ಗಿರಿಯಪ್ಪನವರು ಹೊಸ ಕಂಪ್ಯೂಟರ್ ತಂದು ಹಳೇದನ್ನ ನನಗ ಕೊಟ್ಟಾರ. ಹೋದ ವಾರದಿಂದ ಅದು ನಮ್ಮ ಪಡಸಾಲ್ಯಾಗ ಕುಂತೈತಿ. ನಿಮ್ಮ ತಂಗಿ ಸೌಮ್ಯಾ ಹಳೇ ಪರದೆ ಕತ್ತರಿಸಿ ಅದಕ್ಕೊಂದು ಅಂಗಿ ಹೊಲದಾಳ. ನನಗ ಹೊಲದಿದ್ದಕ್ಕಿಂತ ಚಂದ ಆಗೇತಿ.

ಈಗ ಕೆಲಸದ ಮಾತು. ನಮ್ಮ ಎಡಬಾಜು ಮನ್ಯಾಗ ದ್ಯಾಮಣ್ಣ ಅಂತ ಒಬ್ಬಾವ ಅದಾನ. ಅರಳಿ ಪ್ಯಾಟ್ಯಾಗ ಹತ್ತಿ ತೂಗೋ ಕೆಲಸ, ಅಕ್ಷರದ ಗಂಧ ಇಲ್ಲ. ಸಂಕ್ರಾಂತಿ ಆದಮ್ಯಾಲೆ ಅವನ ಹೆಂಡತಿಗೆ ಒಂದು ಥರಾ ಆಗಾಕತ್ತೇತಿ. ಮಾತಾಡತಾ ಮಾತಾಡತಾ ನಿಂತು ಬಿಡತಾಳ. ಕಣ್ಣು ತೆರದ ಇರತಾವ, ಆದರ ಒಳಗ ಯಾರೂ ಇರೂದಿಲ್ಲ. ಎರಡು ನಿಮಿಷಕ್ಕೋ ಮೂರು ನಿಮಿಷಕ್ಕೋ ತಿರುಗಿ ಬರತಾಳ, ಬಿಟ್ಟಲ್ಲಿಂದ ಮಾತು ಮುಂದುವರಸತಾಳ. ನಡುವ ಏನಾತು ಅಂತ ಆಕಿಗೆ ಗೊತ್ತಿಲ್ಲ. ಕೈಕಾಲು ಸೆಟದು ಬೀಳೂದಿಲ್ಲ, ಬಾಯಾಗ ನೊರಿ ಇಲ್ಲ, ಆದರೂ ಇದು ಫಿಟ್ಸಿನ ಜಾತೀನ ಅಂತ ಡಾಕ್ಟರು ಹೇಳ್ಯಾರ. ಏಪ್ರಿಲ್ ಪೂರ್ತಿ ದಿನಕ್ಕ ಒಂದು ಗುಳಿಗಿ, ಮೇ ಒಂದರಿಂದ ಎರಡು. ಪ್ರತಿ ಸಲ ಬಂದಾಗ ತಾರೀಖು, ವೇಳೆ, ಎಷ್ಟು ನಿಮಿಷ ಅಂತ ಬರದಿಟ್ಟು ಜುಲೈದಾಗ ತರಬೇಕು. ಅದನ್ನ ನೋಡೇ ಮುಂದಿನ ಔಷಧ. ಆಕಿಗಂತೂ ನೆನಪಿರೂದಿಲ್ಲ. ನೋಡಿದವರು ಬರದದ್ದ ಸಾಕ್ಷಿ. ಹಿಂಗಾಗಿ ದ್ಯಾಮಣ್ಣಗ ನಾನ ಚಿತ್ರಗುಪ್ತ.

ವಹಿಯಾಗ ಯಾಕ ಬರೀಬಾರದು ಅಂತ ನೀವು ಕೇಳತೀರಿ. ವಹಿ ಅವರ ಮನ್ಯಾಗ ಇಟ್ಟರ ಆಕಿ ಓದತಾಳ, ಓದಿ ಅಂಜತಾಳ. ನಮ್ಮ ಮನ್ಯಾಗ ಇಟ್ಟರ ಸೌಮ್ಯಾ ಓದತಾಳ. ನಿಮ್ಮ ತಂಗಿ ಭಜಿ ಕಟ್ಟಿದ ಕಾಗದಾನೂ ಬಿಡಾಕಿ ಅಲ್ಲ. ಕಂಪ್ಯೂಟರಾದರ ಮುಟ್ಟೂದಿಲ್ಲ. ನೀವು ಸಾಲಿ ಹುಡುಗರಿಗೆ ಕಂಪ್ಯೂಟರ್ ಕಲಸಾವರು, ಛಲೋದೊಂದು ಆರಿಸಿ ಹೇಳ್ರಿ. ಫೋನ್ ಮಾಡಬ್ಯಾಡ್ರಿ. ಫೋನು ಪಡಸಾಲ್ಯಾಗ ಐತಿ, ಗ್ವಾಡಿಗೆ ಕಿವಿ ಅದಾವ, ಮ್ಯಾಲೆ ಫೋನಿನಾಗ ಪ್ರಾಸ ಕೂಡೂದಿಲ್ಲ.

ನಿಮ್ಮ
ಶಂಭುಲಿಂಗ


ಸೊಲ್ಲಾಪುರ
೨೮ ಮಾರ್ಚ್ ೨೦೦೩

ಚಿ. ಶಂಭುಲಿಂಗ ಅವರಿಗೆ ಆಶೀರ್ವಾದ.

ನಿಮ್ಮ ಮಹಾಸಭೆಗೆ ನಾನೊಬ್ಬನ ಹಾಜರಿದ್ದೆ, ಚಪ್ಪಾಳೆ ಹೊಡದೇನಿ.

ಇದರ ಜೋಡಿ ಒಂದು ಸಿ.ಡಿ. ಕಳಸೇನಿ. ಕಂಪ್ಯೂಟರ್ ಮಾಸಿಕದ ಜೋಡಿ ಬಂದದ್ದು. ಅದರಾಗ ಟಿಪ್ಪಣಿಗೆ ಬರೋ ತಂತ್ರಾಂಶ ಮೂರು ಅದಾವ. ಒಂದು ಬರೀ ಖಾಲಿ ಹಾಳಿ. ಒಂದು ಚೌಕದ ಕೋಷ್ಟಕ. ಮೂರನೇದರಾಗ ಒಂದೊಂದು ಟಿಪ್ಪಣಿಗೂ ಒಂದೊಂದು ಹಳದಿ ಚೀಟಿ ಬರತೈತಿ. ಯಾವದಕ್ಕೂ ಕನ್ನಡ ಬರೂದಿಲ್ಲ. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದುಕೊಳ್ಳಬೇಕು. ಮೂರೂ ಹಾಕಿ ನೋಡ್ರಿ. ನಿಮಗ ಯಾವದು ಒಗ್ಗತೈತೋ ಅದು ಛಲೋ, ಬ್ಯಾರೆಯವರ ಮಾತು ಕೇಳಬ್ಯಾಡ್ರಿ.

ಸೌಮ್ಯಾ ಹೆಂಗದಾಳ? ಯುಗಾದಿಗೆ ಆಕಿ ಎರಡು ಸಾಲು ಬರೀತಿದ್ದಳು. ಈ ಸಲಾನೂ ಬರೀಲಿ.

ಶಾಂತಯ್ಯ


ಕಮರಿಪೇಟೆ
೮ ಏಪ್ರಿಲ್ ೨೦೦೩

ಭಾವನವರಿಗೆ ಶರಣು.

ಸ್ವಯಂವರ ಮುಗೀತು. ತೀರ್ಪು ಪದ್ಯದಾಗ ಐತಿ, ಓದಿ ಸಹಿಸಿಕೊಳ್ರಿ:

ಒಂದನೇದು ಬಯಲಿನಂಥ ಖಾಲಿ ಹಾಳಿ,
ತಿಥಿ ಇಲ್ಲ, ವಾರ ಇಲ್ಲ, ಎದ್ದರ ಧೂಳಿ.
ಎರಡನೇದು ಚೌಕ ಚೌಕ, ಅಂಕಿಗೆ ಅರಮನಿ,
ಮಾತು ಬರದರ ಹೊರಗ ಬರತೈತಿ ಅದರ ಕೊನಿ.
ಮೂರನೇದು ಚೀಟಿ ಕೊಟ್ಟು ತಾನ ಮುದ್ರಿ ಒತ್ತತೈತಿ,
ಕೇಳಿದ ಶಬ್ದ ಕ್ಷಣದಾಗ ಹುಡುಕಿ ಮುಂದ ಇಡತೈತಿ.

ಮೂರನೇದನ್ನ ಏಪ್ರಿಲ್ ಎರಡಕ್ಕ ಹಾಕಿದೆ. ಹೊಸ ಚೀಟಿ ತೆರದ ಕೂಡಲೇ ತಾರೀಖು, ವೇಳೆ ಅದ ಬರಕೋತೈತಿ. ತಿದ್ದಾಕ ಹೋದರ ಬಿಡೂದಿಲ್ಲ. ಇದು ನನಗ ಭಾಳ ಮನಸಿಗೆ ಬಂತು. ಮನಶ್ಯಾ ಗಾಬರಿಯಾಗ ನಿನ್ನಿನದನ್ನ ಇವತ್ತಿಂದು ಅಂತ ಬರೀತಾನ. ಆಕಿ ಕಣ್ಣು ನಿಂತಾಗ ಗಡಿಯಾರ ನೋಡಬೇಕು ಅನ್ನೂದ ನೆನಪಾಗೂದಿಲ್ಲ. ದ್ಯಾಮಣ್ಣಗ, ಅಂದ್ರ. ಯಂತ್ರಕ್ಕ ಗಾಬರಿ ಇಲ್ಲ, ಸುಳ್ಳು ಹೇಳೂದಿಲ್ಲ.

ಒಂದ ಕಿರಿಕಿರಿ. ಪುಕ್ಕಟೆ ಮೂವತ್ತ ದಿನಂತ, ತೆರದಾಗೊಮ್ಮೆ "ಇನ್ನು ಇಪ್ಪತ್ನಾಲ್ಕು ದಿನ" ಅಂತೈತಿ. ಮರುದಿನ ಇಪ್ಪತ್ಮೂರು. ಮನಿಗೆ ಬಂದ ಬೀಗರು ಹೊಂಟೇವಿ ಹೊಂಟೇವಿ ಅನ್ನೋ ಹಂಗ.

ಸೌಮ್ಯಾ ಶಾವಿಗಿ ಹೊಸಿಯೂದರಾಗ ಅದಾಳ. ಆಮ್ಯಾಲೆ ಬರೀತೇನಿ ಅಂದಾಳ.

ಶಂಭುಲಿಂಗ


ಕಮರಿಪೇಟೆ
೨೬ ಏಪ್ರಿಲ್ ೨೦೦೩

ಭಾವನವರಿಗೆ ಶರಣು.

ಅವಸರದಾಗ ಬರದೇನಿ. ಚೀಟಿ ತಂತ್ರಾಂಶ "ಇನ್ನು ಆರು ದಿನ" ಅಂತೈತಿ. ಮುಂದ ತೆರಿಯೂದಿಲ್ಲಂತ. ಕೊಳ್ಳೂಣಂದ್ರ ಅಮೆರಿಕದ ಯಾವದೋ ಊರಿನವರು, ಕ್ರೆಡಿಟ್ ಕಾರ್ಡು ಇದ್ದವರಿಗಷ್ಟ ಕೊಡತಾರ. ಈ ತಿಂಗಳ ಐದು ಚೀಟಿ ಆಗ್ಯಾವ. ಬ್ಯಾರೆ ತಂತ್ರಾಂಶಕ್ಕ ಹೋಗಲೇನು? ಮೇ ಒಂದಕ್ಕ ಗುಳಿಗಿ ಎರಡಾಗತಾವ, ಅದರಿಂದ ಗುಣ ಆಗತೈತೋ ಇಲ್ಲೋ ಅನ್ನೂದ ಮುಖ್ಯ ಅಂತ ಡಾಕ್ಟರು ಒತ್ತಿ ಹೇಳ್ಯಾರ. ನಡುವ ಒಂದು ದಿನಾನೂ ತಪ್ಪಬಾರದು.

ಶಂಭುಲಿಂಗ


(ಕಾರ್ಡು)
ಸೊಲ್ಲಾಪುರ
೨೯ ಏಪ್ರಿಲ್ ೨೦೦೩

ಚಿ. ಶಂಭುಲಿಂಗ, ಬ್ಯಾರೆಯದು ಬ್ಯಾಡ. ಇಲ್ಲಿ ನಮ್ಮ ಹುಡುಗರೆಲ್ಲಾ ಮಾಡೋ ಯುಕ್ತಿ ಹೇಳತೇನಿ. ಮೂವತ್ತನೇ ದಿನ ಕಂಪ್ಯೂಟರಿನ ತಾರೀಖು ಹಿಂದಕ್ಕ ತಿರುಗಿಸಿ ಏಪ್ರಿಲ್ ಎರಡಕ್ಕ ಇಡ್ರಿ. ಅದು ಇವತ್ತ ಹುಟ್ಟೇನಿ ಅಂತ ತಿಳಕೊಂಡು ಮತ್ತ ಮೂವತ್ತು ದಿನ ಕೊಡತೈತಿ. ತಿಂಗಳಿಗೊಮ್ಮೆ ಹಿಂಗ ಮಾಡಕೋತ ಹೋಗ್ರಿ. ಪರೀಕ್ಷಾ ಪೇಪರ್ ತಿದ್ದೂದರಾಗ ಅದೇನಿ, ಇಷ್ಟ ಸಾಕು. ಶಾಂತಯ್ಯ


ಕಮರಿಪೇಟೆ
೧೪ ಜೂನ್ ೨೦೦೩

ಭಾವನವರಿಗೆ ಶರಣು.

ನಿಮ್ಮ ಯುಕ್ತಿ ಫಲಿಸೇತಿ. ಎರಡು ಸಲ ಹಿಂದಕ್ಕ ತಿರುಗಿಸೇನಿ. ಹೊರಗ ಮಿರಗದ ಮಳಿ ಹೊಡ್ಯಾಕತ್ತೇತಿ, ಪಡಸಾಲ್ಯಾಗ ಯಂತ್ರಕ್ಕ ಇನ್ನೂ ಏಪ್ರಿಲ್ ಬಿಸಲು. ಕಾಲನ ಮೂಗುದಾರ ನನ್ನ ಕೈಯಾಗ ಐತಿ ಅಂತ ಎರಡು ದಿನ ಸೊಕ್ಕಿಲೆ ಅಡ್ಡಾಡಿದೆ.

ಒಂದು ಸಣ್ಣ ಮಾತು. ಹೊಸ ಚೀಟಿ ಬರದರ ಅದು ಕೊನಿಗೆ ಕುಂದ್ರೂದಿಲ್ಲ. ತಡವಾಗಿ ಬಂದು ಪಂಕ್ತಿ ನಡುವ ಎಲಿ ಹಾಕಿಸಿಕೊಂಡ ಬೀಗರ ಹಂಗ, ಹಳೇ ಚೀಟಿಗಳ ನಡುವ ಹೋಗಿ ಕುಂದ್ರತೈತಿ. ಯಂತ್ರಕ್ಕ ಅದರದ ಲೆಕ್ಕ ಇರಬೇಕು ಅಂತ ಸುಮ್ಮನದೇನಿ.

ದ್ಯಾಮಣ್ಣನ ಹೆಂಡತಿಗೆ ಕಡಿಮಿ ಇಲ್ಲ. ಮೇದಾಗ ಒಂಬತ್ತು, ಈ ತಿಂಗಳು ಇವತ್ತಿನವರೆಗೆ ಆರು. ಮೊನ್ನೆ ಮುಂಜಾನೆ ಐದೂವರಿಗೆ ಒಲಿ ಮ್ಯಾಲಿನ ಪಾತೇಲಿಗೆ ಹಾಲು ಸುರೀತಾ ನಿಂತಳು. ಪಾತೇಲಿ ತುಂಬಿತು, ಹಾಲು ಹರೀತು, ಒಲಿ ಆರಿತು, ಕೈ ಮಾತ್ರ ಸುರೀತನ ಇತ್ತು. ಗ್ಯಾಸು ಸುಂಯ್ ಅಂತಿತ್ತು. ನಾ ಓಡಿ ಹೋಗಿ ಒಲಿ ಬಂದ್ ಮಾಡಿ ತಂಬಿಗಿ ಕಸಗೊಂಡೆ. ದ್ಯಾಮಣ್ಣ ಕಸಗೊಂಡ ಅಂತ ಓದ್ರಿ. ಪ್ರೂಫಿನ ತಪ್ಪು.

ನಾಲ್ಕು ನಿಮಿಷ. ಆಮ್ಯಾಲೆ ಆಕಿ ನೆಲ ನೋಡಿ, ಹಾಲು ಯಾರು ಚೆಲ್ಲಿದ್ರಿ, ಒಂದು ಕೆಲಸ ನೆಟ್ಟಗ ಬರೂದಿಲ್ಲ ನಿಮಗ ಅಂತ ಬೈದಳಂತ. ಬೈಸಿಕೊಂಡು ನೆಲ ಒರಸಿದ್ದಾತಂತ.

ಈ ಸಲ ಪದ್ಯ ಇಲ್ಲ. ಮಳ್ಯಾಗ ಪ್ರಾಸ ನೆನದು ಮೆತ್ತಗಾಗ್ಯಾವ.

ಶಂಭುಲಿಂಗ


ಸೊಲ್ಲಾಪುರ
೨೪ ಜೂನ್ ೨೦೦೩

ಚಿ. ಶಂಭುಲಿಂಗ ಅವರಿಗೆ ಆಶೀರ್ವಾದ.

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಪ್ರೂಫಿನ ತಪ್ಪು ಅಂತ ಬರದೀರಿ. ಇರಲಿ.

ಮೂರು ಮಾತು ಕೇಳತೇನಿ. ಕಣ್ಣು ನಿಲ್ಲೂಕಿಂತ ಮೊದಲ ಆ ಹೆಣ್ಣುಮಗಳು ಎಡಗೈಲೆ ಸೆರಗಿನ ಅಂಚು ಹಿಡದು ಎರಡು ಬೆರಳಿನಾಗ ತಿಕ್ಕತಾಳೇನು? ಬಾಯಾಗ ಏನೂ ಇಲ್ಲದ ಅಗಿಯೂ ಹಂಗ ಮಾಡತಾಳೇನು? ತಿರುಗಿ ಬಂದಕೂಡಲೇ "ಯಾರೋ ಕರದಂಗಾತು" ಅಂತಾಳೇನು?

ಇವು ತಂತ್ರಾಂಶಕ್ಕ ಬೇಕಾದವಲ್ಲ. ನನಗ ಬೇಕು.

ಕೈಯಾಗ ಕಬ್ಬಿಣದ ಕೀಲಿ ಕೊಡೂದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೂದು ಮಾಡಬ್ಯಾಡ ಅಂತ ದ್ಯಾಮಣ್ಣಗ ಹೇಳ್ರಿ. ಬಾಜೂಕ ಕುಂತು ಕೈ ಹಿಡಕೊಂಡ್ರ ಸಾಕು.

ಸೌಮ್ಯಾ ಯಾಕ ಬರದಿಲ್ಲ? ಶಾವಿಗಿ ಹೊಸಿಯೂದು ಮಳಿಗಾಲದಾಗೂ ಮುಗದಿಲ್ಲೇನು?

ಶಾಂತಯ್ಯ


ಕಮರಿಪೇಟೆ
೧೦ ಜುಲೈ ೨೦೦೩

ಭಾವನವರಿಗೆ ಶರಣು.

ಉತ್ತರಕ್ಕ ತಡಾ ಆತು. ನಿಮ್ಮ ಮೂರೂ ಪ್ರಶ್ನೆಗೆ ಹೌದು. ಮೂರಕ್ಕೂ. ನಿಮಗ ಹೆಂಗ ಗೊತ್ತಾತು ಅಂತ ಕೇಳೂ ಧೈರ್ಯ ನನಗಿಲ್ಲ.

ನಿನ್ನೆ ಡಾಕ್ಟರ ಕಡೆ ಹೋಗಿ ಬಂದಳು. ಹಿಂದಿನ ಮನಿ ಶಹಜಹಾನಬೇಗಂ ಜೋಡಿಗೆ ಹೋಗಿದ್ದರು. ಪ್ರೆಸ್ಸಿನಾಗ ಶ್ರಾವಣದ ಪುರಾಣದ ಹಸ್ತಪತ್ರಿಕೆ ಸುಗ್ಗಿ, ನನಗ ಅರ್ಧ ದಿನ ಸುದ್ದಾ ಬಿಡಲಿಲ್ಲ. ಚೀಟಿಗಳನ್ನೆಲ್ಲಾ ಫ್ಲಾಪಿಯಾಗ ಒಯ್ದು ಪ್ರೆಸ್ಸಿನಾಗ ಮುದ್ರಿಸಿ, ಮೂರು ಹಾಳಿ ಮಡಚಿ, ಲಕೋಟಿ ಅಂಟಿಸಿ ಕೊಟ್ಟು ಕಳಿಸಿದ್ದೆ. ಜೂನ್ ಕೊನೀತನಕ ಒಟ್ಟು ಇಪ್ಪತ್ತೆಂಟು ಚೀಟಿ.

ಡಾಕ್ಟರು ಓದಿ ಭಾಳ ಖುಷಿ ಆದರಂತ. ಔಷಧ ಹಿಡದೇತಿ, ಗುಳಿಗಿ ಎರಡು ಮಾಡಿದ ಮ್ಯಾಲೆ ಒಂದ ಸಲಾನೂ ಬಂದಿಲ್ಲ ಅಂದರಂತ. ಇಷ್ಟು ಗುಣ ಇದ್ದರ ಇಷ್ಟು ಔಷಧ ಯಾಕ ಅಂತ ಎರಡನೇ ಗುಳಿಗಿ ನಿನ್ನೆಯಿಂದ ಬಂದ್ ಮಾಡ್ಯಾರ. ಆಕಿ ಹಬ್ಬ ಬಂದಂಗ ಮಾಡಾಕತ್ತಾಳ. ನಾ ಹೇಳಿರಲಿಲ್ಲೇನು, ನನಗೇನೂ ಆಗಿಲ್ಲ ಅಂತಾಳ. ಆಕಿಗೆ ಹಂಗ ಅನಸೂದು ಸಹಜ. ಆದದ್ದು ಒಂದೂ ಆಕಿಗೆ ಗೊತ್ತಿಲ್ಲ.

ಆದರ ಜೂನಿನಾಗ ಹದಿನಾಲ್ಕು ಚೀಟಿ ನಾನ ಬರದೇನಿ. ಡಾಕ್ಟರು ದೊಡ್ಡವನ್ನಷ್ಟ ಲೆಕ್ಕಕ್ಕ ಹಿಡಿತಾರೋ ಏನೋ. ಕಲಿತವರು. ಆದರೂ ಲೆಕ್ಕ ಕೂಡವಲ್ಲದು. ಸೋಮವಾರ ಹಸ್ತಪತ್ರಿಕೆ ಮುಗೀತಾವ, ಅವತ್ತ ನಾನ ಹೋಗಿ ಕೇಳತೇನಿ.

ಮುದ್ರಿಸೂಮುಂದ ಒಂದು ಪ್ರತಿ ಹೆಚ್ಚಿಗೆ ಬಂತು. ನಿಮ್ಮ ತಂತ್ರಾಂಶ ಎಷ್ಟು ಅಚ್ಚುಕಟ್ಟಾಗಿ ಛಾಪಿಸತೈತಿ ನೋಡ್ರಿ ಅಂತ ಇದರಾಗ ಇಟ್ಟೇನಿ.

ಶಂಭುಲಿಂಗ


(ಕುರಿಯರ್ ಮೂಲಕ)
ಸೊಲ್ಲಾಪುರ
೧೫ ಜುಲೈ ೨೦೦೩

ಶಂಭುಲಿಂಗ ಅವರೇ,

ನಿನ್ನೆ ನಿಮ್ಮ ಪತ್ರ ಬಂತು. ನಿನ್ನೆಯಿಂದ ಫೋನ್ ಮಾಡಾಕತ್ತೇನಿ. ಮನ್ಯಾಗ ಯಾರೂ ಎತ್ತವಲ್ಲರು. ಪ್ರೆಸ್ಸಿಗೆ ಮಾಡಿದೆ, ನೀವು ರಜಾ ಹಾಕೀರಿ ಅಂದರು. ಯಾಕ ಅಂದರ ಅವರಿಗೂ ಸರಿಯಾಗಿ ಗೊತ್ತಿಲ್ಲ. ಈ ಕಾಗದ ಯಾರಿಗೆ ಮೊದಲ ಸಿಕ್ಕರೂ ಓದಿ, ಸೀದಾ ಡಾಕ್ಟರ ಕಡೆ ಒಯ್ಯಬೇಕು.

ಆ ಮೂರು ಹಾಳಿಯಾಗ ಇಪ್ಪತ್ತೆಂಟು ಚೀಟಿಗೂ ಏಪ್ರಿಲ್ ತಾರೀಖ ಬಿದ್ದೇತಿ. ಮೇ ಇಲ್ಲ, ಜೂನ್ ಇಲ್ಲ. ಗಡಿಯಾರ ಹಿಂದಕ್ಕ ತಿರುಗಿಸಿದ್ದಕ್ಕ ಮೂರೂ ತಿಂಗಳ ಚೀಟಿ ಒಂದ ಏಪ್ರಿಲಿನಾಗ ಹೊಕ್ಕಾವ. ಡಾಕ್ಟರಿಗೆ ಕಂಡದ್ದೇನು? ಒಂದು ಗುಳಿಗಿ ಇದ್ದಾಗ ಇಪ್ಪತ್ತೆಂಟು ಸಲ, ಎರಡಾದ ಮ್ಯಾಲೆ ಸೊನ್ನಿ. ಖರೇ ಅಂದ್ರ ಐದು, ಒಂಬತ್ತು, ಹದಿನಾಲ್ಕು. ಏರಿಕೋತ ಬಂದೇತಿ. ಏರೋ ರೋಗಕ್ಕ ಗುಳಿಗಿ ಇಳಿಸ್ಯಾರ.

ಡಾಕ್ಟರ ತಪ್ಪಿಲ್ಲ, ನಿಮ್ಮದೂ ಇಲ್ಲ. ಯುಕ್ತಿ ಹೇಳಿದಾವ ನಾನು. ವೈದ್ಯದ ಟಿಪ್ಪಣಿ ಅಂತ ಗೊತ್ತಿದ್ದೂ, ಹುಡುಗರ ಆಟದ ತಂತ್ರಾಂಶಕ್ಕ ಹೇಳೂ ಮಾತು ಕಾರ್ಡಿನಾಗ ಗೀಚಿ ಕಳಿಸಿದೆ. ಚೀಟಿ ಪಂಕ್ತಿ ನಡುವ ಕುಂದ್ರತಾವ ಅಂತ ಜೂನಿನಾಗ ನೀವ ಬರದಿದ್ರಿ. ಅವತ್ತರ ನನಗ ತಿಳೀಬೇಕಿತ್ತು. ಅವತ್ತ ನನ್ನ ಕಣ್ಣು ಹಾಲಿನ ಮ್ಯಾಲೆ ನಿಂತಿತ್ತು, ಚೀಟಿ ಕಾಣಲಿಲ್ಲ.

ಇನ್ನೊಂದು ಮಾತು. ಆ ಹೆಣ್ಣುಮಗಳಿಗೆ ಒಬ್ಬ ಅಣ್ಣ ಇರಬೇಕು ಅಂತ ಇಟಕೊಳ್ರಿ. ಅವರು ಅಮ್ಮಿನಬಾವಿಯವರು ಅಂತನೂ ಇಟಕೊಳ್ರಿ. ಆಕಿ ಒಂಬತ್ತು ವರ್ಷದಾಕಿ ಇದ್ದಾಗ ಸಾಲ್ಯಾಗ ಪಾಟಿ ಹಿಡಕೊಂಡು ನಿಂತಾಕಿ ನಿಂತ ಬಿಟ್ಟಿದ್ದಳು. ಪಾಟಿ ಬಿದ್ದು ಒಡದರೂ ಗೊತ್ತಾಗಲಿಲ್ಲ. ಅಂಗಿಯ ಅಂಚು ಎರಡು ಬೆರಳಿನಾಗ ತಿಕ್ಕತಿದ್ದಳು. ಧಾರವಾಡದ ಡಾಕ್ಟರ ಗುಳಿಗಿಯಿಂದ ಕಡಿಮಿ ಆತು. ಕಡಿಮಿ ಆತಲ್ಲ ಅಂತ ಅವ್ವ ಗುಳಿಗಿ ಒಮ್ಮೆಲೆ ಬಿಡಿಸಿದಳು. ಐದನೇ ದಿನ ದೊಡ್ಡದು ಬಂತು, ಬಾವಿ ಕಟ್ಟಿ ಮ್ಯಾಲೆ. ಅಣ್ಣ ಬಾಜೂಕ ಇದ್ದ, ಜಡಿ ಹಿಡದು ಜಗ್ಗಿ ಉಳಿಸಿದ. ಮುಂದ ಎರಡು ವರ್ಷ ಗುಳಿಗಿ ತಗೊಂಡು ಪೂರಾ ನಿಂತಿತು.

ಹತ್ತು ವರ್ಷ ಆದಮ್ಯಾಲೆ ಆಕಿನ್ನ ನೋಡಾಕ ಬಂದರು. ಹುಡುಗ ಬಿ.ಎ., ಮಾತು ಮಾತಿಗೆ ಪ್ರಾಸ ಹಚ್ಚತಿದ್ದ, ಮಂದಿ ನಗತಿದ್ದರು. ನಿಂತ ಹೋದ ರೋಗದ ಮಾತು ಈಗ್ಯಾಕ ಅಂತ ಅವ್ವ ಅಂದಳು. ಅಣ್ಣ ಸುಮ್ಮನ ಕುಂತ. ಲಗ್ನದಾಗ ಅಕ್ಕಿಕಾಳ ಹಾಕೂಮುಂದನೂ ಸುಮ್ಮನಿದ್ದ. ಹದಿನೇಳು ವರ್ಷ ಸುಮ್ಮನಿದ್ದಾನ. ಮೊದಲ ಹೇಳಿದ್ದರ ಡಾಕ್ಟರಿಗೆ ಚೀಟಿಯ ಹಂಗು ಬೇಕಾಗತಿರಲಿಲ್ಲ, ಗುಳಿಗಿಗೆ ಕೈ ಹಚ್ಚತಿರಲಿಲ್ಲ.

ಹಿಂಥ ಅಣ್ಣನ್ನ ದ್ಯಾಮಣ್ಣ ಕ್ಷಮಿಸತಾನೇನು? ಕೇಳಿ ಬರೀರಿ. ಅದಕಿಂತ ಮೊದಲ ಎರಡನೇ ಗುಳಿಗಿ ಸುರು ಮಾಡಿಸ್ರಿ.

ಶಾಂತಯ್ಯ


ಹುಬ್ಬಳ್ಳಿ
೧೭ ಜುಲೈ ೨೦೦೩, ಗುರುವಾರ
(ತಾರೀಖು ಆಸ್ಪತ್ರೆಯ ಗ್ವಾಡಿ ಕ್ಯಾಲೆಂಡರ್ ನೋಡಿ ಬರದೇನಿ)

ಭಾವ,

ನಿಮ್ಮ ಕುರಿಯರು ಮನಿ ಬಾಗಲದಾಗ ಬಿದ್ದಿತ್ತಂತ. ಶಹಜಹಾನಬೇಗಂ ಮಧ್ಯಾಹ್ನ ಬುತ್ತಿ ಜೋಡಿ ತಂದು ಕೊಟ್ಟರು. ಓದಿ ಡಾಕ್ಟರ ಕೈಯಾಗ ಕೊಟ್ಟೆ. ಅವರು ಹಾಳಿ ತಿರುವಿ ತಿರುವಿ ನೋಡಿದರು, ಬೈಯಲಿಲ್ಲ. ಬೈದಿದ್ದರ ಛಲೋ ಇತ್ತು.

ರವಿವಾರ ಮುಂಜಾನೆ ಹತ್ತಕ್ಕ ಬಂತು. ಹಿತ್ತಲದಾಗ ಅರಿವಿ ಒಗಿಯೋ ಕಲ್ಲಿನ ಕಡೆ. ಈ ಸಲ ನಿಂತು ನೋಡಲಿಲ್ಲ, ಬಿದ್ದಳು. ತಲಿ ಕಲ್ಲಿಗೆ ಬಡೀತು. ಮೈಯೆಲ್ಲಾ ಸೆಟದು ಕುಣೀತು. ಒಂದು ನಿಂತಿತು ಅನ್ನೂದರಾಗ ಇನ್ನೊಂದು. ಆಟೋದಾಗ ಹಾಕಿಕೊಂಡು ಬರೂತನಕ ನಿಂತಿರಲಿಲ್ಲ. ಎಷ್ಟು ನಿಮಿಷ ಅಂತ ಡಾಕ್ಟರು ಕೇಳಿದರು. ಮೂರು ತಿಂಗಳು ನಿಮಿಷ ಎಣಿಸಿದಾವಗ ಅವತ್ತ ಎಣಿಸಾಕ ಆಗಲಿಲ್ಲ.

ನಿನ್ನೆ ಸಂಜಿಗೆ ಕಣ್ಣು ತೆರದಾಳ. ಮಾತು ಬಂದಿಲ್ಲ. ಎಡಗೈ ಹಿಡದರ ಹಿಡಿತಾಳ, ಬಲಗೈಗೆ ಇನ್ನೂ ಗೊತ್ತಾಗವಲ್ಲದು. ಬರತೈತೇನ್ರಿ ಅಂದ್ರ ಡಾಕ್ಟರು ನೋಡೂಣು ಅಂತಾರ. ಅವರು ನೋಡೂಣು ಅಂದಾಗ ನನ್ನ ಮುಖ ನೋಡೂದಿಲ್ಲ.

ತಪ್ಪು ನಿಮ್ಮದು ಅಂತೀರಿ. ಇಪ್ಪತ್ತೆರಡು ವರ್ಷ ಮಂದಿ ಲಗ್ನಪತ್ರಿಕೆಯ ತಾರೀಖು ಮೂರು ಮೂರು ಸಲ ತಾಳೆ ನೋಡಿದಾವ ನಾನು. ಆ ಮೂರು ಹಾಳಿ ಮಾತ್ರ ಓದದ ಮಡಚಿ ಕೊಟ್ಟೆ. ಯಂತ್ರ ಬರದಿದ್ದಕ್ಕ ಪ್ರೂಫ್ ಯಾಕ ಅಂತ ತಿಳದೆ.

ಮಾರ್ಚಿನಾಗ ಮೊದಲನೇ ಸಲ ಡಾಕ್ಟರ ಕಡೆಯಿಂದ ಬರೂಮುಂದ, ದಾರ್‍ಯಾಗ ಆಕಿ ಒಂದ ಮಾತು ಹೇಳಿದ್ದಳು. "ಏನರ ಮಾಡ್ರಿ, ಅಣ್ಣಗ ಮಾತ್ರ ತಿಳಿಸಬ್ಯಾಡ್ರಿ. ಅವನ ಬಾಯಿಂದ ನಿಮಗ ಗೊತ್ತಾಗೂದು ಬ್ಯಾಡ" ಅಂದಿದ್ದಳು. ಏನು ಗೊತ್ತಾಗೂದು ಅಂತ ಕೇಳಿದೆ. ಹೇಳಲಿಲ್ಲ. ಆಣಿ ಹಾಕಿಸಿಕೊಂಡಳು. ಆಣಿಯೂ ಮುರೀಬಾರದು, ನಿಮ್ಮ ಕಡೆ ಕೇಳದನೂ ಇರಾಕ ಆಗವಲ್ಲದು. ಹಿಂಗಾಗಿ ಒಂದು ಸಂಸಾರ ಕಟ್ಟಿದೆ.

ದ್ಯಾಮಣ್ಣ ಕ್ಷಮಿಸತಾನೇನು ಅಂತ ಕೇಳೀರಿ.

ನಮ್ಮ ಓಣ್ಯಾಗ ದ್ಯಾಮಣ್ಣ ಅನ್ನಾವ ಯಾರೂ ಇಲ್ಲ, ಭಾವ. ನಮ್ಮ ಎಡಬಾಜು ಮನಿಗೆ ಎರಡು ವರ್ಷದಿಂದ ಕೀಲಿ ಹಾಕೇತಿ. ನಿಮಗೂ ಗೊತ್ತಿತ್ತು, ನಿಮಗ ಗೊತ್ತೈತಿ ಅಂತ ನನಗೂ ಗೊತ್ತಿತ್ತು. ಆಕಿ ಸೌಮ್ಯಾ. ಬರ್ರಿ.